ಅತಿಥಿ ಕಂಪ್ಯೂಟರಿಗೆ ಒಂದು ಕಿಂಡಿ

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಲಿನಕ್ಸ್. ಅದರೊಳಗೆ, ವರ್ಚುವಲ್‌ಬಾಕ್ಸ್ ಎಂಬ ವರ್ಚುವಲ್ ಯಂತ್ರ ತಂತ್ರಾಂಶದ ಒಂದು ಕಿಟಕಿಯಲ್ಲಿ, 2001ರ ವಿಂಡೋಸ್ ಎಕ್ಸ್‌ಪಿ ಇವತ್ತಿಗೂ ಓಡುತ್ತಿದೆ. ಅದನ್ನು ಇಟ್ಟುಕೊಂಡಿರುವುದು ನುಡಿ ಎಂಬ ಕನ್ನಡ ತಂತ್ರಾಂಶಕ್ಕಾಗಿ. ಯೂನಿಕೋಡ್ ರೂಢಿಗೆ ಬರುವ ಮುಂಚೆ ನುಡಿಯಲ್ಲಿ ಟೈಪಾದ ಕಡತವನ್ನು ಆ ಫಾಂಟ್ ಇಲ್ಲದ ಕಡೆ ತೆರೆದರೆ ಕನ್ನಡವೇ ಕಾಣದು, ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ ಕಾಣುತ್ತದೆ. ಎಷ್ಟೋ ಪುಸ್ತಕಗಳ ಮೂಲಪ್ರತಿಗಳು ಈ ರೂಪದಲ್ಲೇ ಉಳಿದಿವೆ. ಅವನ್ನು ಕಳೆದುಕೊಳ್ಳಬಾರದು.

ಕಡತಗಳಿರುವುದು ಲಿನಕ್ಸ್‌ನಲ್ಲಿ, ಅವನ್ನು ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶ ಇರುವುದು ಎಕ್ಸ್‌ಪಿಯಲ್ಲಿ. ಎಕ್ಸ್‌ಪಿಗೆ ತಾನೊಂದು ಬೇರೆ ಕಂಪ್ಯೂಟರ್ ಎಂದೇ ನಂಬಿಕೆ. ಅದು ತನ್ನ ಹಾರ್ಡ್ ಡಿಸ್ಕ್ ಎಂದುಕೊಂಡಿರುವುದು ನನ್ನ ಲಿನಕ್ಸ್‌ನ ಪಾಲಿಗೆ ಒಂದು ದೊಡ್ಡ ಫೈಲು, ಅಷ್ಟೆ. ಹಾಗಾದರೆ ನನ್ನ ನಿಜವಾದ ಡಿಸ್ಕನ್ನೇ ಎಕ್ಸ್‌ಪಿಯ ಕೈಗೂ ಕೊಟ್ಟರೆ ಆಗದೇ?

ಆಗದು. ಒಂದೇ ಖಾತೆ ಪುಸ್ತಕವನ್ನು ಇಬ್ಬರು ಗುಮಾಸ್ತರು ಬರೆಯುತ್ತಿದ್ದಾರೆ ಎಂದುಕೊಳ್ಳಿ. ಯಾವ ಪುಟ ಖಾಲಿ, ಯಾವುದು ತುಂಬಿದೆ ಎಂಬುದನ್ನು ಇಬ್ಬರೂ ನೆನಪಿನಲ್ಲೇ ಇಟ್ಟುಕೊಂಡು, ಬಿಡುವಾದಾಗ ಬರೆದಿಡುತ್ತಾರೆ. ಒಬ್ಬರು ಖಾಲಿ ಎಂದುಕೊಂಡ ಪುಟದಲ್ಲಿ ಇನ್ನೊಬ್ಬರು ಆಗಲೇ ಲೆಕ್ಕ ಬರೆದಿರುತ್ತಾರೆ. ಕಾರ್ಯಾಚರಣ ವ್ಯವಸ್ಥೆಗಳೂ ಡಿಸ್ಕಿನ ಲೆಕ್ಕವನ್ನು ಹೀಗೆಯೇ ರ‍್ಯಾಮ್‌ನಲ್ಲಿ ಇಟ್ಟುಕೊಳ್ಳುತ್ತವೆ. ಸಾಮಾನ್ಯ ಫೈಲ್ ವ್ಯವಸ್ಥೆಯೊಂದಕ್ಕೆ ಎರಡು ಕಾರ್ಯಾಚರಣ ವ್ಯವಸ್ಥೆಗಳು ಒಟ್ಟಿಗೆ ಬರೆಯತೊಡಗಿದರೆ ಅದು ಕೆಡುವುದು ಖಂಡಿತ.

ಆದ್ದರಿಂದ ಎರಡರ ನಡುವೆ ಒಂದು ಹಂಚಿದ ಫೋಲ್ಡರ್ ಇಡುತ್ತೇನೆ. ಅದರಲ್ಲಿ ಡಿಸ್ಕನ್ನು ಮುಟ್ಟುವುದು ಹೋಸ್ಟ್, ಅಂದರೆ ಹೊರಗಿನ ಲಿನಕ್ಸ್, ಒಂದೇ. ಗೆಸ್ಟ್, ಅಂದರೆ ಒಳಗಿನ ಎಕ್ಸ್‌ಪಿ, ಚೀಟಿ ಬರೆದು ಕೇಳುತ್ತದೆ. ಎಕ್ಸ್‌ಪಿಯಲ್ಲಿ ವರ್ಚುವಲ್‌ಬಾಕ್ಸ್‌ನ ಗೆಸ್ಟ್ ಅಡಿಷನ್ಸ್ ಎಂಬ ತಂತ್ರಾಂಶ ಹಾಕಿದಾಗ ಅದರ ಜೊತೆಗೇ ಒಂದು ಚಿಕ್ಕ ಡ್ರೈವರ್ ಬಂದು ಕೂರುತ್ತದೆ. ನಾನು ಫೈಲಿನ ಮೇಲೆ ಕ್ಲಿಕ್ ಮಾಡಿದರೆ, ‘ಈ ಹೆಸರಿನ ಫೈಲು ತೆರೆ, ಇಷ್ಟು ಬೈಟ್ ಕೊಡು’ ಎಂದು ಅದು ತನ್ನ ಮೆಮೊರಿಯಲ್ಲಿ ಬರೆದಿಟ್ಟು ಹೋಸ್ಟನ್ನು ಎಚ್ಚರಿಸುತ್ತದೆ. ಗೆಸ್ಟ್‌ನ ಮೆಮೊರಿ ಎಂಬುದೂ ಹೋಸ್ಟ್‌ನ ಮೆಮೊರಿಯ ಒಂದು ತುಂಡೇ ಆದ್ದರಿಂದ ವರ್ಚುವಲ್‌ಬಾಕ್ಸ್ ಆ ಚೀಟಿಯನ್ನು ನೇರವಾಗಿ ಓದಿ, ಫೈಲು ತೆರೆದು, ಉತ್ತರವನ್ನು ಅಲ್ಲೇ ಇಡುತ್ತದೆ. ನಡುವೆ ನೆಟ್‌ವರ್ಕ್ ಇಲ್ಲವೇ ಇಲ್ಲ. ಹಾಗಿದ್ದರೂ ಎಕ್ಸ್‌ಪಿಗೆ ಅದು ನೆಟ್‌ವರ್ಕ್ ಡ್ರೈವ್‌ನಂತೆ ಕಾಣುತ್ತದೆ.

ಒಂದೊಂದು ಕೆಲಸಕ್ಕೂ ಚೀಟಿ ಹೋಗಿ ಬರಬೇಕಲ್ಲ, ಹಾಗಾಗಿ ಒಂದು ದೊಡ್ಡ ಫೈಲಿಗಿಂತ ಸಾವಿರ ಸಣ್ಣ ಫೈಲುಗಳೇ ಹೆಚ್ಚು ಹೊತ್ತು ಹಿಡಿಯುತ್ತವೆ. ಹೆಸರಿನ ಗೊಂದಲವೂ ಉಂಟು: ದೊಡ್ಡಕ್ಷರ, ಚಿಕ್ಕಕ್ಷರ ಬದಲಾದರೆ ಲಿನಕ್ಸ್‌ಗೆ ಅದು ಬೇರೆ ಫೈಲು, ವಿಂಡೋಸ್‌ಗೆ ಅದೇ ಫೈಲು. ಗೆಸ್ಟ್ ಲಿನಕ್ಸ್ ಆಗಿದ್ದರೆ ಇನ್ನೊಂದು ತೊಡಕು. ಫೋಲ್ಡರ್ ಕಾಣುತ್ತದೆ, ಆದರೆ ‘ಅನುಮತಿ ಇಲ್ಲ’ ಎನ್ನುತ್ತದೆ. ನಿಮ್ಮ ಹೆಸರನ್ನು ‘ವಿಬಾಕ್ಸ್‌ಎಸ್‌ಎಫ್’ ಎಂಬ ಬಳಕೆದಾರರ ಗುಂಪಿಗೆ ಸೇರಿಸಿ, ಲಾಗ್ ಔಟ್ ಆಗಿ ಮತ್ತೆ ಒಳಬಂದರೆ ಸರಿಹೋಗುತ್ತದೆ.

ಈ ಚೀಟಿಗಳ ಭಾಷೆ ಒಂದೊಂದು ಕಡೆ ಒಂದೊಂದು. ಬೆಲ್ ಲ್ಯಾಬ್ಸ್‌ನವರು ಪ್ಲಾನ್ 9 ಎಂಬ ಕಾರ್ಯಾಚರಣ ವ್ಯವಸ್ಥೆಗೆಂದು ರೂಪಿಸಿದ 9ಪಿ ಭಾಷೆಯನ್ನು ಕ್ಯೂಎಮು ಎಂಬ ಇನ್ನೊಂದು ವರ್ಚುವಲ್ ಯಂತ್ರ ತಂತ್ರಾಂಶ ಬಳಸಿಕೊಂಡಿತು. ಪ್ಲಾನ್ 9 ಮನೆಮನೆಗೆ ತಲುಪಲಿಲ್ಲ, ಅದರ ಮಾತು ಮಾತ್ರ ಬದುಕಿಕೊಂಡಿತು. ನನಗೆ ಇದು ತುಂಬ ಇಷ್ಟವಾದ ಸಂಗತಿ. 2019ರಲ್ಲಿ ಲಿನಕ್ಸ್ 5.4ರ ಜೊತೆ ಬಂದ ವರ್ಟಿಯೋ-ಎಫ್‌ಎಸ್ ಎಂಬ ಹಂಚಿಕೆ ವ್ಯವಸ್ಥೆಯನ್ನು ಮೊದಲಿನಿಂದಲೂ ವರ್ಚುವಲ್ ಯಂತ್ರಕ್ಕಾಗಿಯೇ ಕಟ್ಟಿದ್ದು.

ಕಿಂಡಿ ಎಷ್ಟು ದೊಡ್ಡದಿರಬೇಕು ಎಂಬುದನ್ನು ಮಾತ್ರ ಯೋಚಿಸಿಯೇ ತೆರೆಯಬೇಕು. 2008ರಲ್ಲಿ, ಇಂಥದೇ ಇನ್ನೊಂದು ತಂತ್ರಾಂಶವಾದ ವಿಎಂವೇರ್‌ನ ಹಂಚಿದ ಫೋಲ್ಡರಿನಲ್ಲಿ ಒಂದು ದೋಷ ಸಿಕ್ಕಿತ್ತು: ಫೈಲಿನ ದಾರಿಯನ್ನು ಉಪಾಯವಾಗಿ ಬರೆದರೆ ಗೆಸ್ಟ್ ಆ ಫೋಲ್ಡರನ್ನು ದಾಟಿ ಹೋಸ್ಟ್‌ನ ಬೇರೆ ಕಡೆಗೂ ಕೈಚಾಚಬಹುದಿತ್ತು. ದೋಷವೇ ಇಲ್ಲದಿದ್ದರೂ, ಬರೆಯುವ ಅನುಮತಿ ಕೊಟ್ಟ ಫೋಲ್ಡರನ್ನು ಗೆಸ್ಟ್‌ಗೆ ಹೊಕ್ಕ ರ‍್ಯಾನ್ಸಮ್‌ವೇರ್ ಸಲೀಸಾಗಿ ಕೆಡಿಸಬಲ್ಲದು. ಎಕ್ಸ್‌ಪಿಗೆ 2014ರಲ್ಲೇ ಬೆಂಬಲ ನಿಂತಿದೆ. ಹಾಗಾಗಿ ಅದಕ್ಕೆ ಇಂಟರ್‌ನೆಟ್ ಕೊಟ್ಟಿಲ್ಲ, ಹೋಮ್ ಫೋಲ್ಡರನ್ನೂ ಹಂಚಿಲ್ಲ. ಕೊಟ್ಟಿರುವುದು ಎರಡೇ ಫೋಲ್ಡರು. ‘ಹಳೆಯದು’ ಓದಲು ಮಾತ್ರ, ಮೂಲಪ್ರತಿಗಳು ಅಲ್ಲಿವೆ. ‘ಹೊಸದು’ ಖಾಲಿ ಇತ್ತು, ಯೂನಿಕೋಡಿಗೆ ಬದಲಾದ ಪುಟಗಳು ಈಗ ಒಂದೊಂದಾಗಿ ಅದರೊಳಗೆ ಬಂದು ಸೇರುತ್ತಿವೆ.