ಗಂಟಲು ಕಟ್ಟಿತೆಂದು ಇನ್‌ಹೇಲರ್ ಬಿಡಬೇಡಿ

‘ಡಾಕ್ಟ್ರೇ, ಉಬ್ಬಸ ನಿಂತಿತು, ಆದರೆ ಗಂಟಲು ಕಟ್ಟಿತು. ಮಕ್ಕಳಿಗೆ ಪಾಠ ಹೇಳುವುದು ಹೇಗೆ?’ ಎಂದರು ಶಾಲಾ ಶಿಕ್ಷಕಿಯೊಬ್ಬರು. ಅಷ್ಟರಲ್ಲಾಗಲೇ ಅವರು ಇನ್‌ಹೇಲರ್ ಬಿಟ್ಟು ಮೂರು ವಾರವಾಗಿತ್ತು. ಹಿಂದಿನ ರಾತ್ರಿಯನ್ನು ಉಸಿರಿಗಾಗಿ ಒದ್ದಾಡುತ್ತ ಕುಳಿತೇ ಕಳೆದಿದ್ದರು.

ಸಾಲ್ಬುಟಮಾಲ್ ತಕ್ಷಣ ಉಸಿರಾಟ ಸರಾಗ ಮಾಡುತ್ತದೆ, ಆದರೆ ಶ್ವಾಸನಾಳದ ಊತ ಇಳಿಸುವುದಿಲ್ಲ. ಊತ ಇಳಿಸಿ ಉಬ್ಬಸ ಬಾರದಂತೆ ತಡೆಯುವುದು ಬುಡೆಸೊನೈಡ್, ಫ್ಲುಟಿಕಾಸೋನ್‌ಗಳಂಥ ಸ್ಟೀರಾಯ್ಡ್‌ಗಳು. ಹೆಸರು ಕೇಳಿ ಬೆಚ್ಚಬೇಡಿ. ಮಾತ್ರೆಯಲ್ಲಿ ಸ್ಟೀರಾಯ್ಡ್ ಮಿಲಿಗ್ರಾಂ ಲೆಕ್ಕದಲ್ಲಿದ್ದರೆ ಇದರಲ್ಲಿ ಮೈಕ್ರೋಗ್ರಾಂ ಲೆಕ್ಕ.

ಕಾಟ ಕೊಡುವುದು ಹೆಚ್ಚಾಗಿ ಬಾಯಿ, ಗಂಟಲಲ್ಲೇ ಉಳಿದುಬಿಡುವ ಔಷಧ. ಧ್ವನಿ ಒಡೆಯುತ್ತದೆ, ಕೆಲವರ ನಾಲಿಗೆಯ ಮೇಲೆ ಬಿಳಿ ಶಿಲೀಂಧ್ರ ಬೆಳೆಯುತ್ತದೆ. ನಿಮ್ಮದು ಒತ್ತುವ ಪಂಪಾದರೆ ಅದಕ್ಕೆ ಸ್ಪೇಸರ್ ಎಂಬ ಪ್ಲಾಸ್ಟಿಕ್ ಕೊಳವೆ ಜೋಡಿಸಿ. ಔಷಧ ಎಳೆದ ಮೇಲೆ ಬಾಯಿ ಮುಕ್ಕಳಿಸಿ ಉಗುಳಿ. ಹಲ್ಲುಜ್ಜುವ ಮುಂಚೆ ಎಳೆದುಕೊಂಡರೆ ಮುಕ್ಕಳಿಸಲು ಮರೆಯುವ ಪ್ರಶ್ನೆಯೇ ಇಲ್ಲ!

ಇಷ್ಟಾದರೂ ತೊಂದರೆ ಹೋಗದಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ. ಪುಡಿ ಎಳೆಯುವಾಗ ಕೆಮ್ಮು ಬರುವವರಿಗೆ ಪಂಪ್ ಕೊಡಬಹುದು. ಸಿಕ್ಲೆಸೊನೈಡ್ ಎಂಬ ಔಷಧ ಮುಖ್ಯವಾಗಿ ಶ್ವಾಸಕೋಶ ಸೇರಿದ ಮೇಲೆ ಚುರುಕಾಗುವುದರಿಂದ ಗಂಟಲಿಗೆ ತೊಂದರೆ ಕಡಿಮೆ. ಉಬ್ಬಸ ಮೂರು ತಿಂಗಳು ಹತೋಟಿಯಲ್ಲಿದ್ದರೆ ಪ್ರಮಾಣವನ್ನೇ ಇಳಿಸಿ ನೋಡುವುದೂ ಉಂಟು. ಹೇಳದೆ ಬಿಟ್ಟರೆ ಮಾತ್ರ ನಮಗೆ ತಿಳಿಯುವುದು ನಡುರಾತ್ರಿಯಲ್ಲೇ.

ಆ ಶಿಕ್ಷಕಿಗೆ ಸ್ಪೇಸರಿನಿಂದ ಅರ್ಧ ಗುಣ ಕಂಡಿತು, ಔಷಧ ಬದಲಿಸಿದ ಮೇಲೆ ಉಳಿದರ್ಧ. ಈಗ ಒಂದನೇ ತರಗತಿಗೆ ಮಗ್ಗಿ ಹೇಳಿಕೊಡುತ್ತಿದ್ದಾರೆ.