ಪಡಸಾಲೆಯಲ್ಲಿ ಹುಟ್ಟಿದ ಊರು

ಈ ಬೇಸಿಗೆ ರಜೆಯಲ್ಲಿ ಬಳ್ಳಾರಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಊರು ಹುಟ್ಟಿತು. ಅದನ್ನು ಕಟ್ಟಲು ಬೇಕಾದ ಸಾಮಾನು ಇಷ್ಟೇ: ಹಳೆಯ ಕ್ಯಾಲೆಂಡರಿನ ದೊಡ್ಡ ಹಾಳೆ, ಪೆನ್ಸಿಲ್, ರಬ್ಬರ್, ಒಂದು ಕಟ್ಟು ಇಸ್ಪೀಟ್ ಎಲೆ, ಹಾವು-ಏಣಿ ಆಟದ ದಾಳಗಳು ಮತ್ತು ಒಂದು ಬಟ್ಟಲು ಹುಣಸೆ ಬೀಜ. ಕಟ್ಟಿದವರು ಐವರು. ಮಗನ ಮಕ್ಕಳಿಬ್ಬರು, ಅಣ್ಣನಿಗೆ 13, ತಂಗಿಗೆ 10. ಪುಣೆಯಿಂದ ಬಂದಿದ್ದ ಮಗಳ ಮಗ, ಅವನಿಗೆ 11. ಜೊತೆಗೆ ಅವರ ಅಜ್ಜಿ ಮತ್ತು ನಾನು.

ಇಸ್ಪೀಟ್ ಎಲೆ ಕಂಡ ಕೂಡಲೇ ನನ್ನಾಕೆ ಹುಬ್ಬು ಗಂಟಿಕ್ಕಿದಳು. “ಏನ್ರೀ, ಮೇಷ್ಟ್ರಾಗಿದ್ದೋರು ಮಕ್ಕಳಿಗೆ ಇದನ್ನಾ ಕಲಿಸೋದು?” ದುಡ್ಡಿಲ್ಲ, ಸೋಲು-ಗೆಲುವಿಲ್ಲ, ಒಂದು ಎಲೆ ಎಂದರೆ ಒಂದು ವಾರ ಅಷ್ಟೇ ಎಂದು ವಿವರಿಸಿದೆ. ಕಟ್ಟಿನಲ್ಲಿ 52 ಎಲೆ, ವರ್ಷಕ್ಕೆ 52 ವಾರ. ನಾಲ್ಕು ಜಾತಿಗೆ ನಾಲ್ಕು ಕಾಲ. “ಹಾಗಾದ್ರೆ ನಾನೂ ಕೂತ್ಕೋತೀನಿ,” ಎಂದು ಅಕ್ಕಿ ಆರಿಸುವ ಮೊರದೊಂದಿಗೇ ಬಂದು ಕುಳಿತಳು. ಕೊನೆಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಆಡಿದವಳು ಅವಳೇ.

ಇದು ನಾನು ಹುಟ್ಟಿಸಿದ ಆಟವಲ್ಲ. ಮೂಲ ಆಟದ ಹೆಸರು ‘ದಿ ಕ್ವಯಟ್ ಇಯರ್’. ಕೆನಡಾದ ಏವರಿ ಆಲ್ಡರ್ ಎಂಬವರು ರಚಿಸಿದ್ದು, 2013ರಲ್ಲಿ ಬಂತು. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಕೂಡಿ ಕಥೆ ಕಟ್ಟುತ್ತಾ ಆಡುವ ಆಟಗಳ ದೊಡ್ಡ ವಂಶವೇ ಇದೆ. ಅಮೆರಿಕದಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಅದರ ಹಿರಿಯಜ್ಜ. ಅದರಲ್ಲಿ ಆಟಗಾರರು ವೀರರಾಗಿ ರಾಕ್ಷಸರ ಮೇಲೆ ಯುದ್ಧಕ್ಕೆ ಹೋಗುತ್ತಾರೆ. ಇದರಲ್ಲಿ ಹಾಗಿಲ್ಲ. ಇಲ್ಲಿ ಎಲ್ಲರೂ ಸೇರಿ ಒಂದು ಊರಾಗಬೇಕು. ಊರಿನ ನಕ್ಷೆಯನ್ನು ವಾರ ವಾರವೂ ಹಾಳೆಯ ಮೇಲೆ ಬರೆಯುತ್ತಾ ಹೋಗಬೇಕು.

ಮೂಲದಲ್ಲಿ ಇರುವುದು ಹಾಳಾಗಿ ಹೋದ ಲೋಕದಲ್ಲಿ ಮತ್ತೆ ಬದುಕು ಕಟ್ಟಿಕೊಳ್ಳುವ ಜನ. ನಾನು ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವನು. ಆದ್ದರಿಂದ ಕಾಲವನ್ನು ಹಿಂದಕ್ಕೆ ತಿರುಗಿಸಿದೆ. ನಮ್ಮವರು ಲೋಹ ಕಾಣದ, ಆಗಷ್ಟೇ ಬಿತ್ತಲು ಕಲಿತ, ದನ ಸಾಕುವ ಜನ. ಕಾಲಗಳನ್ನೂ ನಮ್ಮ ಸೀಮೆಗೆ ಹೊಂದಿಸಿದೆ. ಆಟೀನ್ ಎಂದರೆ ಮುಂಗಾರು, ಡೈಮಂಡ್ ಎಂದರೆ ಹಿಂಗಾರು, ಕಳಾವರ್ ಎಂದರೆ ಸುಗ್ಗಿ, ಇಸ್ಪೀಟ್ ಎಂದರೆ ಬೇಸಿಗೆ. ಒಂದೊಂದು ಎಲೆಗೂ ಒಂದೊಂದು ಪ್ರಶ್ನೆ. ‘ಊರಿನಲ್ಲಿ ಮೊದಲ ಸಾವು. ಯಾರದು? ಎಲ್ಲಿ ಮಣ್ಣು ಮಾಡುತ್ತೀರಿ?’ ‘ಮಕ್ಕಳು ಏನನ್ನೋ ಹುಡುಕಿ ತಂದಿದ್ದಾರೆ. ಏನದು?’ ಇಂಥ 52 ಪ್ರಶ್ನೆ ಬರೆಯಲು ನನಗೆ ನಾಲ್ಕು ದಿನ ಹಿಡಿಯಿತು.

ಎಲೆ ತೆಗೆದವರು ಪ್ರಶ್ನೆಗೆ ಉತ್ತರ ಹೇಳಿ ಅದನ್ನು ನಕ್ಷೆಯಲ್ಲಿ ಬರೆಯಬೇಕು. ಆಮೇಲೆ ಮೂರರಲ್ಲಿ ಒಂದು ಕೆಲಸ ಮಾಡಬಹುದು. ಹೊಸದೇನನ್ನಾದರೂ ಕಂಡುಹಿಡಿಯಬಹುದು, ಒಂದು ಕಾಮಗಾರಿ ಆರಂಭಿಸಬಹುದು, ಇಲ್ಲವೇ ಊರ ಕಟ್ಟೆಯ ಮೇಲೆ ಚರ್ಚೆ ಕರೆಯಬಹುದು. ಕಾಮಗಾರಿಗೆ ಎಷ್ಟು ವಾರ ಬೇಕೋ ಅಷ್ಟು ಸಂಖ್ಯೆ ಮೇಲಾಗುವಂತೆ ದಾಳ ಇಟ್ಟು, ವಾರಕ್ಕೊಂದು ಕಡಿಮೆ ಮಾಡುತ್ತಾ ಬರಬೇಕು. ಚರ್ಚೆಯ ನಿಯಮ ವಿಚಿತ್ರ. ಒಬ್ಬೊಬ್ಬರು ಒಂದೊಂದೇ ವಾಕ್ಯ ಆಡಬೇಕು, ನಡುವೆ ಬಾಯಿ ಹಾಕುವಂತಿಲ್ಲ, ಕೊನೆಯಲ್ಲಿ ತೀರ್ಮಾನವೂ ಇಲ್ಲ. ಊರಿನಲ್ಲಿ ತನಗೆ ಅನ್ಯಾಯವಾಯಿತು ಎನಿಸಿದರೆ ಜಗಳ ತೆಗೆಯುವಂತಿಲ್ಲ. ಸುಮ್ಮನೆ ಒಂದು ಹುಣಸೆ ಬೀಜ ತೆಗೆದು ತನ್ನ ಮುಂದೆ ಇಟ್ಟುಕೊಳ್ಳಬೇಕು. ಎಲ್ಲರಿಗೂ ಕಾಣುವಂತೆ ಆ ಬೀಜ ಅಲ್ಲೇ ಇರುತ್ತದೆ. ಬೇಸಿಗೆಯ ಎಲೆಗಳ ನಡುವೆ ಎಲ್ಲೋ ಇಸ್ಪೀಟ್ ರಾಜ ಅಡಗಿರುತ್ತಾನೆ. ಅವನು ಬಂದ ಕ್ಷಣವೇ ಆಟ ಮುಗಿಯಿತು.

ಮೊದಲ ಸಂಜೆಯೇ ಅಡುಗೆಮನೆ ತಕರಾರು ಶುರುವಾಯಿತು. ಮೊಮ್ಮಗಳು ಹೊಲದಲ್ಲಿ ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊ ಬರೆದಳು. ಮೂರನ್ನೂ ಅಳಿಸಿದೆ. ಅವು ಅಮೆರಿಕ ಖಂಡದವು. 1500ರ ಆಚೆಗೆ ಹಡಗು ಹತ್ತಿ ಬಂದವು. “ಬ್ಯಾಡಗಿ ಮೆಣಸಿನಕಾಯಿ ಕೂಡಾನಾ?” ಎಂದು ಅವಳಿಗಿಂತ ಹೆಚ್ಚಾಗಿ ನನ್ನಾಕೆ ಬೆಚ್ಚಿದಳು. ರಾಗಿ ಇರಲಿ ಎಂದರು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನಾಡು ಎಂದೆ. ಹಾಗಾದರೆ ನಮ್ಮವರು ತಿಂದದ್ದೇನು? ನಮ್ಮ ಸೀಮೆಯ ಹಳೆಯ ನೆಲೆಗಳನ್ನು ಅಗೆದಾಗ ಕರಕಲಾಗಿ ಉಳಿದ ಕಾಳುಗಳು ಸಿಕ್ಕಿವೆ. ಹುರುಳಿ, ಹೆಸರು, ಕೊರಲೆ ಅವುಗಳಲ್ಲಿ ಮುಖ್ಯವಾದವು. ಕೊರಲೆ ಅಂದರೇನೆಂದು ಮೂವರು ಮಕ್ಕಳಿಗೂ ಗೊತ್ತಿರಲಿಲ್ಲ. ಮರುದಿನ ಮಧ್ಯಾಹ್ನ ಅಜ್ಜಿ ಕೊರಲೆ ಅನ್ನ, ಹುರುಳಿ ಸಾರು ಮಾಡಿ ಬಡಿಸಿದಳು. ಸಾರಿಗೆ ಮೆಣಸಿನಕಾಯಿ ಹಾಕಲಿಲ್ಲ, ಕರಿಮೆಣಸು ಹಾಕಿದಳು.

ಹಿರಿಯ ಮೊಮ್ಮಗ ಅಗಲವಾದ ರಸ್ತೆಗಳನ್ನು ಎಳೆದ. ಅವನಿಗೆ ಟರ್ಕಿಯ ಚತಾಲ್‌ಹುಯುಕ್ ಕಥೆ ಹೇಳಿದೆ. ಸುಮಾರು 9,000 ವರ್ಷಗಳ ಹಿಂದಿನ ಆ ಊರಲ್ಲಿ ಬೀದಿಗಳೇ ಇರಲಿಲ್ಲ. ಮನೆಗೆ ಮನೆ ಅಂಟಿಕೊಂಡಿತ್ತು; ಜನ ಮಾಳಿಗೆಯ ಮೇಲೆ ನಡೆದಾಡಿ, ಸೂರಿನ ಕಿಂಡಿಯಿಂದ ಏಣಿ ಇಳಿದು ಮನೆಯೊಳಗೆ ಹೋಗುತ್ತಿದ್ದರು. ಸತ್ತವರನ್ನು ಮನೆಯ ನೆಲದಡಿಯಲ್ಲೇ ಹೂಳುತ್ತಿದ್ದರು. ಮಕ್ಕಳಿಗೆ ಇದು ಎಷ್ಟು ಹಿಡಿಸಿತೆಂದರೆ ರಸ್ತೆಗಳೆಲ್ಲ ಅಳಿಸಿಹೋಗಿ ಏಣಿಗಳು ಬಂದವು. “ಮಂಡಿ ನೋವಿನವರು ಏನ್ ಮಾಡ್ಬೇಕು?” ಎಂಬ ಅಜ್ಜಿಯ ಪ್ರಶ್ನೆಗೆ ಉತ್ತರ ಹೊಳೆಯದೆ ಊರಿನ ಪೂರ್ವಕ್ಕೆ ಬಾಗಿಲಿರುವ ಮೂರು ಗುಂಡು ಗುಡಿಸಲು ಸೇರಿದವು.

ನೀರಿನ ವಿಷಯ ಬಂದಾಗ ಅದೇ ಹುಡುಗ ನದಿಯಿಂದ ದೊಡ್ಡ ಕಾಲುವೆ ತೋಡಿಸಿದ. ಕಾಲುವೆ ಬಂದರೆ ಬೆಳೆ ಬಂತು ಎಂಬುದು ಅವನ ಲೆಕ್ಕ. ದಕ್ಷಿಣ ಮೆಸೊಪೊಟೇಮಿಯಾದ ರೈತರೂ ಹಾಗೆಯೇ ನೀರು ಹಾಯಿಸಿದರು. ಬಿಸಿಲಿಗೆ ನೀರು ಆರಿ ಉಪ್ಪು ಮೇಲೆ ಬಂತು. ಗೋಧಿ ತಡೆಯದ ನೆಲದಲ್ಲಿ ಉಪ್ಪನ್ನು ಸ್ವಲ್ಪ ತಾಳುವ ಜವೆಗೋಧಿಯೇ ಆಸರೆಯಾಯಿತು. ನಾನು ಇಷ್ಟು ಹೇಳುವಷ್ಟರಲ್ಲಿ ಅಜ್ಜಿ ಮೊರ ಕೆಳಗಿಟ್ಟಳು. ಅವಳ ತವರು ಸಿರುಗುಪ್ಪದ ಕಡೆ. “ನಮ್ಮಣ್ಣನ ಹೊಲದಾಗ ಆಗಿದ್ದೂ ಅದೇ. ಕಾಲುವೆ ನೀರು ಬಂತು ಅಂತ ಭತ್ತ ಹಾಕಿದ್ರು. ಎರಡು ಎಕರೆ ಸವಳಾಗಿ ಬೆಳ್ಳಗೆ ಬೂದಿ ಬಿದ್ದಂಗೆ ಕಾಣತೈತಿ.” ನನ್ನ ಮೂವತ್ತು ವರ್ಷದ ಪಾಠಕ್ಕಿಂತ ಆ ಎರಡು ಎಕರೆ ಹುಡುಗನಿಗೆ ನಾಟಿತು. ಅವನು ಕಾಲುವೆಗೆ ಇನ್ನೊಂದು ತುದಿ ಎಳೆದು, ಹೆಚ್ಚಾದ ನೀರು ಹೊರಹೋಗುವ ಬಸಿಗಾಲುವೆ ಮಾಡಿದ.

ಬರವಣಿಗೆ ಬೇಕು, ಊರಿನ ಕಥೆ ಬರೆದಿಡಬೇಕು ಎಂದು ಹಟ ಮಾಡಿದವಳು ಮೊಮ್ಮಗಳು. ಉರುಕ್ ನಗರದ 5,000 ವರ್ಷಕ್ಕೂ ಹಳೆಯ ಜೇಡಿಮಣ್ಣಿನ ಹಲಗೆಗಳಲ್ಲಿ ಹೆಚ್ಚಿನವು ಕಥೆಗಳಲ್ಲ, ಲೆಕ್ಕ: ಇಷ್ಟು ಧಾನ್ಯ, ಇಷ್ಟು ಕುರಿ. ಅವಳ ಮುಖ ಚಿಕ್ಕದಾಯಿತು. ಹಿಂದೆ ನಮ್ಮ ಅಡುಗೆಮನೆ ಗೋಡೆಯ ಮೇಲೆ ಹಾಲಿನವಳ ಲೆಕ್ಕಕ್ಕೆ ಇದ್ದಿಲಿನ ಗೆರೆ ಎಳೆಯುತ್ತಿದ್ದುದನ್ನು ಅಜ್ಜಿ ನೆನಪಿಸಿದಳು. ಕೊನೆಗೆ ಊರಿನ ಹಗೇವಿನ ಪಕ್ಕದ ಬಂಡೆಯ ಮೇಲೆ ಗೆರೆಗಳು ಬಂದವು, ಒಂದು ಗೆರೆಗೆ ಒಂದು ಬುಟ್ಟಿ ಕಾಳು. ಹಗೇವು ಗೊತ್ತಲ್ಲ ಮಕ್ಕಳೇ? ನೆಲದೊಳಗೆ ತೋಡಿ, ಕಾಳು ತುಂಬಿ, ಬಾಯಿ ಮುಚ್ಚಿ ಮಣ್ಣು ಮೆತ್ತುವ ಕಣಜ. ಗೊತ್ತಿಲ್ಲದಿದ್ದರೆ ಮನೆಯ ಹಿರಿಯರನ್ನು ಕೇಳಿ. ಬಹುಶಃ ಅವರ ಊರಿನ ಮನೆಯ ಮುಂದೆಯೇ ಒಂದಿತ್ತು.

ಒಂದು ಬೆಳಿಗ್ಗೆ ಬಿಸಿಲು ಏರುವ ಮುನ್ನ ಎಲ್ಲರೂ ಸಂಗನಕಲ್ಲಿಗೆ ಹೋದೆವು. ಬಳ್ಳಾರಿಯ ಪಕ್ಕದಲ್ಲೇ ಇರುವ ಆ ಗುಡ್ಡಗಳಲ್ಲಿ ಸುಮಾರು 4,000 ವರ್ಷಗಳ ಹಿಂದೆ ಜನ ದನ ಸಾಕುತ್ತಿದ್ದರು, ಕರಿಕಲ್ಲನ್ನು ಒಡೆದು ಉಜ್ಜಿ ಕೊಡಲಿ ಮಾಡುತ್ತಿದ್ದರು. ಬಂಡೆಗಳ ಮೇಲೆ ಡುಬ್ಬದ ಎತ್ತುಗಳ ಚಿತ್ರ ಕುಟ್ಟಿದ್ದಾರೆ. ಅಲ್ಲಿನ ಕೆಲವು ಬಂಡೆಗಳನ್ನು ಕಲ್ಲಿನಿಂದ ಬಡಿದರೆ ಗಂಟೆಯಂತೆ ದನಿ ಬರುತ್ತದೆ. ಬಡಿದು ಬಡಿದು ಬಿದ್ದ ಕುಳಿಗಳೂ ಇವೆ. (ನಾವು ಬಡಿಯಲಿಲ್ಲ. ಕಲ್ಲುಗಣಿಯಿಂದ ಈಗಾಗಲೇ ಆಗಿರುವ ಹಾನಿ ಸಾಕು.) ಹೊಸಪೇಟೆ ದಾರಿಯ ಕುಡತಿನಿಯಲ್ಲಿ ಬೂದಿಗುಡ್ಡ ಇದೆ. ಹಂಪಿಯ ಹತ್ತಿರ ನಿಂಬಾಪುರದ ಅಂಥದೇ ಗುಡ್ಡವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎನ್ನುತ್ತಾರೆ. ಅಗೆದು ನೋಡಿದವರು ಹೇಳುವುದು ಬೇರೆ: ಇಂಥ ಗುಡ್ಡಗಳು ದನದ ದೊಡ್ಡಿಯ ಸಗಣಿ ರಾಶಿಯನ್ನು ಮತ್ತೆ ಮತ್ತೆ ಸುಟ್ಟದ್ದರಿಂದ ಬೆಳೆದವು. ಸುಟ್ಟದ್ದು ಹಬ್ಬಕ್ಕೋ ರೋಗಕ್ಕೋ ಎಂಬ ವಾದ ಮಕ್ಕಳಲ್ಲಿ ಮನೆ ಮುಟ್ಟುವವರೆಗೂ ನಡೆಯಿತು. ಅಂದು ಸಂಜೆ ನಮ್ಮ ನಕ್ಷೆಯಲ್ಲೂ ಒಂದು ಬೂದಿಗುಡ್ಡ ಎದ್ದಿತು.

ಇಷ್ಟೆಲ್ಲ ನಡೆಯುವಾಗ ಪುಣೆಯ ಹುಡುಗ ಹೆಚ್ಚು ಮಾತಾಡಿರಲಿಲ್ಲ. ಅವನ ಅಪ್ಪನ ಕೆಲಸ ಹೋಗಿತ್ತು. ಬಳ್ಳಾರಿಗೇ ಬಂದು ನೆಲೆಸುವುದೋ ಬೇಡವೋ ಎಂದು ಮಗಳು ದಿನಾ ರಾತ್ರಿ ನಮ್ಮೊಡನೆ ಮೆಲುದನಿಯಲ್ಲಿ ಚರ್ಚಿಸುತ್ತಿದ್ದಳು, ಅವನು ಕೇಳಿಸಿಕೊಳ್ಳುತ್ತಿದ್ದ. ಅವನ ಕನ್ನಡದಲ್ಲಿ ಮರಾಠಿ, ಹಿಂದಿ ಬೆರೆಯುತ್ತವೆ. ಬಾಯಿ ತೆರೆದರೆ ಇವರಿಬ್ಬರೂ ನಗುತ್ತಿದ್ದರು. ಕೆಟ್ಟ ಬುದ್ಧಿಯಿಂದಲ್ಲ, ಮಕ್ಕಳು ನಗುವ ಹಾಗೆ. ಆದರೂ ಅವನು ಬಾಯಿ ಮುಚ್ಚಿಕೊಂಡಿದ್ದ. ಹಿಂಗಾರು ಕೈಕೊಟ್ಟ ವಾರ ಒಮ್ಮೆ ಮಾತ್ರ, ಗುಜರಾತಿನ ಧೋಲಾವೀರದವರು ಎರಡು ಮಳೆಗಾಲದ ಹಳ್ಳಗಳ ನಡುವೆ ಊರು ಕಟ್ಟಿ ಕಲ್ಲಿನ ದೊಡ್ಡ ಹೊಂಡಗಳಲ್ಲಿ ನೀರು ಹಿಡಿದರೆಂದು ಪುಸ್ತಕದಲ್ಲಿ ಓದಿದ್ದನ್ನು ಹೇಳಿದ್ದ. ಯಾರೂ ಕಿವಿಗೊಟ್ಟಿರಲಿಲ್ಲ.

37ನೇ ವಾರದ ಎಲೆ ತೆಗೆದವನು ಅವನು. ಪ್ರಶ್ನೆ: ‘ನದಿಯಾಚೆ ಹೊಗೆ ಕಾಣುತ್ತಿದೆ. ಯಾರದು?’ ಅವನು ಹೊತ್ತು ತೆಗೆದುಕೊಂಡು ನದಿಯಾಚೆ ಹನ್ನೆರಡು ಸಣ್ಣ ಗುಡಿಸಲು ಬರೆದ. ಅವರ ಬಾವಿ ಬತ್ತಿದೆ, ದನಗಳು ಸತ್ತಿವೆ, ಇಲ್ಲಿ ಇರಲು ಕೇಳುತ್ತಿದ್ದಾರೆ ಎಂದ. ಆಮೇಲೆ ಚರ್ಚೆ ಕರೆದ.

ಬಂಡೆಯ ಮೇಲಿನ ಗೆರೆ ಎಣಿಸಿದರೆ ನಮಗೇ ಕಾಳು ಸಾಲದು. ಹಿರಿಯವನು ಹೇಳಿದ: “ಅವರನ್ನ ಒಳಗೆ ಬಿಟ್ರೆ ನಮ್ಮ ಮಕ್ಕಳು ಉಪವಾಸ.” ತಂಗಿ ಹೇಳಿದಳು: “ಅವರ ಮಕ್ಕಳನ್ನ ಮಾತ್ರ ಬಿಡೋಣ.” ಅಜ್ಜಿ ಹೇಳಿದಳು: “ಬಿತ್ತನೆ ಕಾಳು ಬೇರೆ ತೆಗೆದಿಟ್ಟು, ಉಳಿದಿದ್ದೆಷ್ಟು ಅಂತ ಮೊದಲು ಅಳೀರಿ.” ನಾನು, ನಮ್ಮ ಕಟ್ಟೆ ಕಟ್ಟಲು ಆಳು ಸಾಲದೆಂಬುದನ್ನು ನೆನಪಿಸಿದೆ. ಕೊನೆಯ ವಾಕ್ಯ ಅವನದು. “ಅವರ ಮಾತು ಬೇರೆ ಇದೆ, ಅದಕ್ಕೆ ಅವರು ದರವಾಜಾ ಹತ್ರ ಚುಪ್ ನಿಂತಿದ್ದಾರೆ, ಅವರಿಗೆ ಏನೂ ಬರಲ್ಲ ಅಂತ ಅಲ್ಲ.”

ಯಾರೂ ನಗಲಿಲ್ಲ. ನಿಯಮದ ಪ್ರಕಾರ ಯಾರೂ ಉತ್ತರಿಸುವಂತೆಯೂ ಇರಲಿಲ್ಲ. ಆ ಸಂಜೆಯ ಆಟವನ್ನು ಅಲ್ಲಿಗೇ ನಿಲ್ಲಿಸಿದೆವು.

ಮರುದಿನ 38ನೇ ವಾರ ಹಿರಿಯವನ ಸರದಿ. ರಾತ್ರಿಯೆಲ್ಲ ಲೆಕ್ಕ ಹಾಕಿದ್ದನೆಂದು ಕಾಣುತ್ತದೆ. ಹೊಸಬರು ಗೋಡೆಯ ಹೊರಗೆ ಇರಲಿ, ಅವರೂ ನಾವೂ ಕೂಡಿ ಹೊಂಡ ತೋಡೋಣ, ತೋಡುವವರಿಗೆ ದಿನಕ್ಕೊಂದು ಹೊತ್ತು ಊಟ ಎಂದು ಕಾಮಗಾರಿ ಆರಂಭಿಸಿ ದಾಳವನ್ನು ಆರಕ್ಕೆ ಇಟ್ಟ. “ನೀನು ಹೇಳಿದ್ದೆಯಲ್ಲ, ಆ ಧೋಲಾವೀರದ ಥರ. ಎಲ್ಲಿ ಬರೀಬೇಕು ತೋರಿಸು,” ಎಂದು ಪೆನ್ಸಿಲನ್ನು ತಮ್ಮನ ಕೈಗೆ ಕೊಟ್ಟ. ಮಕ್ಕಳನ್ನೂ ಹೊರಗೇ ಬಿಟ್ಟನೆಂದು ತಂಗಿ ಸದ್ದಿಲ್ಲದೆ ಒಂದು ಹುಣಸೆ ಬೀಜ ತೆಗೆದು ಮುಂದಿಟ್ಟುಕೊಂಡಳು. ಆಟ ಮುಗಿಯುವವರೆಗೂ ಅದನ್ನು ಹಿಂದಕ್ಕೆ ಹಾಕಲಿಲ್ಲ.

ಆರು, ಐದು, ನಾಲ್ಕು, ಮೂರು, ಎರಡು. 43ನೇ ವಾರ ಅಜ್ಜಿ ಎಲೆ ತಿರುವಿದಳು. ಇಸ್ಪೀಟ್ ರಾಜ. ಹೊಂಡ ಮುಗಿಯಲು ಇನ್ನೂ ಎರಡು ವಾರವಿತ್ತು. “ಮಳೆ ಬಂತಾ ತಾತ? ಹೊಂಡ ತುಂಬಿತಾ?” ಮೂವರೂ ಮುಗಿಬಿದ್ದರು. ಗೊತ್ತಿಲ್ಲ ಎಂದೆ. ಆಟದ ನಿಯಮವೇ ಹಾಗೆ. ಅಳುವವರೆಗೂ ಹೋಯಿತು.

ಮೊಮ್ಮಕ್ಕಳೊಡನೆ ಇದನ್ನು ಆಡಬೇಕೆನ್ನುವ ಹಿರಿಯರಿಗೆ ಎರಡು ಮಾತು. ಒಂದೇ ಸಲ ಕೂತರೆ ಮೂರು-ನಾಲ್ಕು ಗಂಟೆ ಬೇಕು, ಸಣ್ಣ ಮಕ್ಕಳಿಗೆ ಸಾಕಾಗುತ್ತದೆ. ದಿನಕ್ಕೆ ಆರೇಳು ಎಲೆ ಸಾಕು. ಪ್ರಶ್ನೆಗಳನ್ನು ನಿಮ್ಮ ಸೀಮೆಯ ನೆನಪಿನಿಂದ ಬರೆಯಿರಿ: ಕರಾವಳಿಯವರು ನೆರೆ, ಮಲೆನಾಡಿನವರು ಕಾಡು. ಕೊನೆಗೆ ನಾನು ಸೇರಿಸಿದ ಒಂದು ಸುತ್ತನ್ನೂ ಆಡಿ. ರಾಜ ಬಂದ ಮೇಲೆ 4,000 ವರ್ಷ ಕಳೆದಿದೆ. ಯಾರೋ ಬಂದು ನಿಮ್ಮ ಊರನ್ನು ಅಗೆಯುತ್ತಿದ್ದಾರೆ. ಅವರಿಗೆ ಏನು ಸಿಗುತ್ತದೆ? ಒಬ್ಬೊಬ್ಬರೂ ಒಂದೊಂದನ್ನು ಬರೆಯಬೇಕು.

ಹಿರಿಯವನು ಅರ್ಧ ತೋಡಿದ ಹೊಂಡ ಬರೆದ. ತಂಗಿ ಬಂಡೆಯ ಮೇಲಿನ ಗೆರೆಗಳನ್ನು ಬರೆದಳು; ಅವು ಕಾಳಿನ ಲೆಕ್ಕ ಎಂದು ಅಗೆಯುವವರಿಗೆ ಎಂದೂ ಗೊತ್ತಾಗುವುದಿಲ್ಲ ಎಂಬುದು ಅವಳಿಗೆ ಗುಟ್ಟಿನ ಸಂತೋಷ. ಪುಣೆಯ ಹುಡುಗ ಗೋಡೆಯ ಒಳಗೆ ಎರಡು ಒಲೆ ಬರೆದ, ಪಕ್ಕಪಕ್ಕದಲ್ಲಿ. ಒಂದು ನಮ್ಮವರದರಂತೆ ಗುಂಡಗೆ, ಇನ್ನೊಂದು ಚೌಕ. ಹೊರಗಿನವರು ಒಳಗೆ ಬಂದದ್ದು ಯಾವಾಗ ಎಂದು ಹಿರಿಯವನು ಕೇಳಬಹುದಿತ್ತು. ಕೇಳಲಿಲ್ಲ. ಅಜ್ಜಿ ಮಾತ್ರ, ಚೌಕದ ಒಲೆಯ ಮೇಲೆ ಏನು ಬೇಯುತ್ತಿತ್ತು ಎಂದಳು. “ಹುರುಳಿ,” ಎಂದ ಅವನು. “ಉಪ್ಪು ಎಲ್ಲಿಂದ ಬಂತಪ್ಪಾ?” ಎಂದು ಅವಳು ಮತ್ತೆ ಕೇಳಿದಳು.

ಅದಕ್ಕೆ ಮೂವರ ಹತ್ತಿರವೂ ಉತ್ತರವಿರಲಿಲ್ಲ. ಈಗ ಶಾಲೆ ಶುರುವಾಗಿದೆ, ಭಾನುವಾರ ಮಾತ್ರ ಬಿಡುವು. ಎರಡನೇ ಕ್ಯಾಲೆಂಡರ್ ಹಾಳೆ ಹರಡಿದ್ದಾರೆ, ಈ ಸಲ ಕಡಲ ದಂಡೆ.