ಸಹಜವಾಗಿ ಕಾಣಿಸುವುದಕ್ಕೆ ಬೇಕಾದ ಸಿದ್ಧತೆ

ಡಿಪ್ಲೊಮಾ ಚಿತ್ರಕ್ಕೆ ಸಾಮಾಜಿಕ ವಾಸ್ತವದ ಕಥೆಯನ್ನೇ ಆರಿಸಿಕೊಳ್ಳುವ ವಿದ್ಯಾರ್ಥಿಗಳು ಬಹಳ. ಏಕೆಂದು ಕೇಳಿದರೆ ಹಲವರ ಉತ್ತರ ಒಂದೇ: ಸೆಟ್ ಬೇಡ, ಲೈಟ್ ಬೇಡ, ನಟರು ಬೇಡ, ಚಿತ್ರಕಥೆಯೂ ಪೂರ್ತಿ ಇರಬೇಕಿಲ್ಲ. ಕ್ಯಾಮೆರಾ ಹಿಡಿದು ಹಳ್ಳಿಗೋ ಕೊಳೆಗೇರಿಗೋ ಹೋದರೆ ಬದುಕು ತಾನಾಗಿಯೇ ಸಿಕ್ಕಿಬಿಡುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ನಿಜ ಇದಕ್ಕೆ ತೀರಾ ವಿರುದ್ಧ. ಈ ಬಗೆಯ ಚಿತ್ರಕ್ಕೆ ಬೇರೆಲ್ಲದಕ್ಕಿಂತ ಹೆಚ್ಚು ಸಿದ್ಧತೆ ಬೇಕು, ಮೇಲಾಗಿ ಆ ಸಿದ್ಧತೆ ನೋಡುವವರ ಕಣ್ಣಿಗೆ ಬೀಳಬಾರದು.

ಇಟಲಿಯ ವಿಟ್ಟೋರಿಯೊ ಡಿ ಸಿಕಾ 1948ರಲ್ಲಿ ಮಾಡಿದ ‘ಬೈಸಿಕಲ್ ಥೀವ್ಸ್’ ಚಿತ್ರವನ್ನು ಬೀದಿಯಲ್ಲಿ ಹಾಗೇ ತೆಗೆದದ್ದು ಎಂದು ಎಷ್ಟೋ ಜನ ತಿಳಿದಿದ್ದಾರೆ. ರೋಮ್‌ನ ಬೀದಿಗಳಲ್ಲಿ ತೆಗೆದದ್ದು ಹೌದು, ನಾಯಕ ಲಂಬೆರ್ಟೊ ಮಾಜ್ಜೊರಾನಿ ಕಾರ್ಖಾನೆ ಕಾರ್ಮಿಕ ಎಂಬುದೂ ಹೌದು. ಆದರೆ ಸಂತೆಯಲ್ಲಿ ಸುರಿಯುವ ಆ ಮಳೆ ಅಗ್ನಿಶಾಮಕ ದಳದವರು ಸುರಿಸಿದ ನೀರು. ಅಲ್ಲಿರುವ ವ್ಯಾಪಾರಿಗಳನ್ನು ಹಣ ಕೊಟ್ಟು ಗೊತ್ತುಮಾಡಲಾಗಿತ್ತು. ಚಿತ್ರಕಥೆಗೆ ಸೆಸಾರೆ ಝವಾಟ್ಟಿನಿಯ ಜೊತೆ ಹಲವು ಲೇಖಕರು ಕೂತಿದ್ದರು. ಅಷ್ಟು ಕೈಗಳು ತಿದ್ದಿದ ಕಥೆ ನಮಗೆ ಯಾರೂ ಬರೆಯದೆ ನಡೆದುಹೋದ ಘಟನೆಯಂತೆ ಕಾಣುತ್ತದೆ.

ಬಡತನ ಮತ್ತು ಕಣ್ಣೀರು ತೋರಿಸಿದರೆ ಅದು ಸಾಮಾಜಿಕ ವಾಸ್ತವವಾಯಿತು ಎಂಬ ನಂಬಿಕೆಯೇ ಎಲ್ಲಕ್ಕಿಂತ ಅಪಾಯದ್ದು, ಏಕೆಂದರೆ ಅದು ಕಥೆಯ ಬೇರನ್ನೇ ಕೆಡಿಸುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ಕಥೆಯಿಂದ ಗಿರೀಶ ಕಾಸರವಳ್ಳಿ 1986ರಲ್ಲಿ ಮಾಡಿದ ‘ತಬರನ ಕಥೆ’ಯನ್ನು ಇನ್ನೊಮ್ಮೆ ನೋಡಿ. ತಬರ ಬಡವ ಎಂಬುದಷ್ಟೇ ಅಲ್ಲಿ ಕಥೆಯಲ್ಲ. ನಿವೃತ್ತನಾದ ಸಣ್ಣ ನೌಕರನ ಪಿಂಚಣಿ ಕಾಗದ ಯಾವ ಮೇಜಿನಿಂದ ಯಾವ ಮೇಜಿಗೆ ಹೋಗುತ್ತದೆ, ಎಲ್ಲಿ ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬುದು ಚಿತ್ರಕ್ಕೆ ಗೊತ್ತು. ಅತ್ತ ಕಾಗದ ತಡವಾದಷ್ಟೂ ಇತ್ತ ಹೆಂಡತಿಯ ಕಾಲಿನ ಗಾಯ ಕೊಳೆಯುತ್ತದೆ. ನೋವಿಗೆ ಕಾರಣವಾದ ವ್ಯವಸ್ಥೆ ಹಂತಹಂತವಾಗಿ ಕಣ್ಣಿಗೆ ಕಾಣುವುದರಿಂದಲೇ ಅದು ಸಾಮಾಜಿಕ ಚಿತ್ರ. ಹಾಗಾಗಿ ವಿದ್ಯಾರ್ಥಿಯ ಮೊದಲ ಕೆಲಸ ಲೊಕೇಶನ್ ಹುಡುಕುವುದಲ್ಲ, ತಿಳಿದುಕೊಳ್ಳುವುದು. ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಗಳ ಕಥೆಯಾದರೆ ಪಾಳಿ ಎಷ್ಟಕ್ಕೆ ಶುರು, ಮಗುವನ್ನು ಯಾರ ಹತ್ತಿರ ಬಿಡುತ್ತಾಳೆ, ತಡವಾದರೆ ಸಂಬಳದಲ್ಲಿ ಎಷ್ಟು ಹಿಡಿಯುತ್ತಾರೆ, ಹಬ್ಬಕ್ಕೆ ಸಾಲ ಯಾರು ಕೊಡುತ್ತಾರೆ ಎಂಬುದನ್ನು ಅವಳಂಥವರ ಜೊತೆ ಕೂತು ಕೇಳಬೇಕು. ಕಥೆಯ ತಿರುವುಗಳು ಈ ಉತ್ತರಗಳೊಳಗೇ ಇರುತ್ತವೆ.

ಇಂಥ ಚಿತ್ರದಲ್ಲಿ ನಗು ಇರಬಾರದು ಎಂಬುದೂ ತಪ್ಪು. ರಾಮ್ ರೆಡ್ಡಿಯವರ ‘ತಿಥಿ’ ಸಾವಿನಿಂದ ಶುರುವಾಗಿ ಹನ್ನೊಂದು ದಿನ ನಮ್ಮನ್ನು ನಗಿಸುತ್ತದೆ.

ಬೆಳಕಿನ ವಿಷಯಕ್ಕೆ ಬರೋಣ. ‘ಸಹಜ ಬೆಳಕು ಎಂದರೆ ಲೈಟ್ ಇಲ್ಲದಿರುವುದು’ ಎಂದುಕೊಂಡವರಿಗೆ ನಾನು ಯಾವಾಗಲೂ ಹೇಳುವುದು ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ (1956) ಬಗ್ಗೆ. ಅದರಲ್ಲಿನ ಕಾಶಿಯ ಮನೆ, ಆ ಒಳಅಂಗಳ, ಮೇಲಿನಿಂದ ಇಳಿಯುವ ಮಂದ ಬೆಳಕು ಯಾವುದೂ ಕಾಶಿಯದ್ದಲ್ಲ. ಮಳೆಗಾಲದ ಭಯಕ್ಕೆ ಕಲಾ ನಿರ್ದೇಶಕ ಬನ್ಸಿ ಚಂದ್ರಗುಪ್ತ ಆ ಮನೆಯನ್ನು ಸ್ಟುಡಿಯೊದಲ್ಲಿ ಕಟ್ಟಿದರು. ಅಂಗಳದ ನೆರಳಿಲ್ಲದ ಬೆಳಕನ್ನು ಸ್ಟುಡಿಯೊದಲ್ಲಿ ತರುವುದು ಸಾಧ್ಯವಿಲ್ಲ ಎಂದು ಛಾಯಾಗ್ರಾಹಕ ಸುಬ್ರತ ಮಿತ್ರ ಮೊದಲು ಒಪ್ಪಲಿಲ್ಲ. ಕೊನೆಗೆ ಸೆಟ್ ಮೇಲೆ ಬಿಳಿ ಬಟ್ಟೆ ಬಿಗಿದು, ಕೆಳಗಿನಿಂದ ಅದಕ್ಕೆ ದೀಪ ಹೊಡೆದು, ತಿರುಗಿ ಬಂದ ಬೆಳಕಿನಲ್ಲಿ ಚಿತ್ರೀಕರಿಸಿದರು. ಇಂದು ನಮ್ಮ ಯೂನಿಟ್‌ಗಳಲ್ಲಿ ಥರ್ಮೋಕೋಲ್ ಹಾಳೆಗೆ ಲೈಟ್ ಬೌನ್ಸ್ ಮಾಡುವುದೂ ಇದೇ ತತ್ವ. ಹಂಚಿನ ಮನೆಯೊಳಗೆ ಮಧ್ಯಾಹ್ನ ಶೂಟ್ ಮಾಡುವವರು ಎರಡು ಥರ್ಮೋಕೋಲ್ ಇಟ್ಟುಕೊಂಡಿದ್ದರೆ ಮುಖ ಕಾಣುತ್ತದೆ, ಇಲ್ಲದಿದ್ದರೆ ಕಿಟಕಿ ಮಾತ್ರ ಕಾಣುತ್ತದೆ. ಒಂದೇ ದೃಶ್ಯ ಬೆಳಿಗ್ಗೆ ಹತ್ತಕ್ಕೆ ಶುರುವಾಗಿ ಸಂಜೆ ನಾಲ್ಕಕ್ಕೆ ಮುಗಿದರೆ ಎಡಿಟಿಂಗ್‌ನಲ್ಲಿ ಸೂರ್ಯ ಹಿಂದೆ ಮುಂದೆ ಜಿಗಿಯುತ್ತಾನೆ. ಅದಕ್ಕೇ ರೆಕ್ಕಿಗೆ, ಎಂದರೆ ಜಾಗವನ್ನು ಮುಂಚೆಯೇ ನೋಡಿಬರಲು, ಹೋಗಬೇಕಾದದ್ದು ಶೂಟಿಂಗ್ ಇಟ್ಟುಕೊಂಡ ಹೊತ್ತಿನಲ್ಲೇ.

ಋತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ‘ಪಥೇರ್ ಪಾಂಚಾಲಿ’ಯ ಬಿಳಿ ಕಾಶ್ ಹೂವಿನ ಬಯಲಿನಲ್ಲಿ ರಾಯ್ ಒಂದು ದಿನ ಚಿತ್ರೀಕರಿಸಿ, ಮುಂದಿನ ವಾರ ಮತ್ತೆ ಹೋಗುವಷ್ಟರಲ್ಲಿ ದನಗಳು ಹೂವನ್ನೆಲ್ಲ ಮೇಯ್ದಿದ್ದವು. ದೃಶ್ಯ ಮುಗಿಸಲು ಮುಂದಿನ ಹೂವಿನ ಕಾಲಕ್ಕೆ ಕಾಯಬೇಕಾಯಿತು. ಸೆಮಿಸ್ಟರ್‌ಗೆ ಕಟ್ಟುಬಿದ್ದ ವಿದ್ಯಾರ್ಥಿಗೆ ಹಾಗೆ ಕಾಯಲಾಗದು, ರಾಗಿ ಕೊಯ್ಲಿನ ದೃಶ್ಯವಿದ್ದರೆ ಇಡೀ ವೇಳಾಪಟ್ಟಿ ಹೊಲದ ಕಡೆಯಿಂದ ಶುರುವಾಗಬೇಕು.

ನಟರಲ್ಲದವರಿಗೆ ತಾಲೀಮು ಬೇಡ, ಅವರು ಇದ್ದಂತೆ ಇದ್ದರೆ ಸಾಕು ಎಂಬ ಮಾತೂ ಕೇಳುತ್ತೇವೆ. ಕ್ಯಾಮೆರಾ ಎದುರು ಇದ್ದಂತೆ ಇರುವುದು ಯಾರಿಗೂ ಸುಲಭವಲ್ಲ. ಬ್ರಿಟನ್‌ನ ಕೆನ್ ಲೋಚ್ 1969ರ ‘ಕೆಸ್’ ಚಿತ್ರಕ್ಕೆ ಬಾರ್ನ್‌ಸ್ಲಿಯ ಶಾಲಾಬಾಲಕ ಡೇವಿಡ್ ಬ್ರಾಡ್ಲಿಯನ್ನು ಆರಿಸಿದರು. ಕಥೆಯ ಕ್ರಮದಲ್ಲೇ ಚಿತ್ರೀಕರಿಸುವುದು ಲೋಚ್ ಅವರ ಪದ್ಧತಿ, ಮುಂದೇನಾಗುತ್ತದೆ ಎಂಬುದು ನಟನಿಗೂ ಆ ಗಳಿಗೆಯಲ್ಲೇ ತಿಳಿಯಲಿ ಎಂದು. ಛಾಯಾಗ್ರಾಹಕ ಕ್ರಿಸ್ ಮೆಂಗೆಸ್ ಕ್ಯಾಮೆರಾವನ್ನು ದೂರದಲ್ಲಿ ನಿಲ್ಲಿಸಿ ಗಮನಿಸಿದರು. ಕ್ಯಾಮೆರಾ ಹೆಗಲ ಮೇಲಿಟ್ಟು ಅಲುಗಾಡಿಸಿದರೆ ವಾಸ್ತವ ಬರುತ್ತದೆ ಎನ್ನುವವರಿಗೆ ಆ ಚಿತ್ರವೇ ಉತ್ತರ. ಆದರೆ ಅದೇ ಚಿತ್ರದಲ್ಲಿ ಹೆಡ್‌ಮಾಸ್ಟರ್ ಹುಡುಗರ ಕೈಗೆ ಕೊಟ್ಟ ಬೆತ್ತದೇಟು ನಿಜವಾದದ್ದು, ಮೊದಲೇ ಹೇಳಿರಲಿಲ್ಲ. ಚಿತ್ರ ನನಗೆ ಎಷ್ಟೇ ಪ್ರಿಯವಾದರೂ ಇದನ್ನು ಯಾರೂ ಅನುಸರಿಸಬಾರದು. ಮಗುವಿನ ನೋವು ಯಾವ ಶಾಟ್‌ಗೂ ಸಾಮಗ್ರಿಯಲ್ಲ.

ನಟರಲ್ಲದವರನ್ನು ಸಹಜವಾಗಿ ತೋರಿಸಲು ನಮ್ಮಲ್ಲಿ ಬೇರೆ ದಾರಿ ಇದೆ. ‘ತಿಥಿ’ಯ ಸಹಲೇಖಕ ಈರೇಗೌಡ ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನವರು. ಆ ಊರಿನ, ಸುತ್ತಲಿನ ಜನರನ್ನು ನೋಡಿಕೊಂಡೇ ಪಾತ್ರಗಳನ್ನು ಕಟ್ಟಿದರು. ಹಾಗಾಗಿ ಚಿತ್ರದ ಪಾತ್ರ ಗಡ್ಡಪ್ಪನ ನಡಿಗೆಯನ್ನು ಯಾರೂ ಕಲಿಸಬೇಕಾಗಲಿಲ್ಲ. 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಆ ಚಿತ್ರಕ್ಕೆ ಗೋಲ್ಡನ್ ಲೆಪರ್ಡ್ ಬಂತು. ಸಂಭಾಷಣೆಯನ್ನು ಗ್ರಂಥಭಾಷೆಯಲ್ಲಿ ಬರೆದು ಮಂಡ್ಯದ ರೈತನ ಬಾಯಿಗೆ ತುರುಕಿದರೆ ಅವನು ಒಪ್ಪಿಸುತ್ತಾನೆ, ಮಾತಾಡುವುದಿಲ್ಲ. ವಿಷಯ ಹೇಳಿ, ಅವರ ಮಾತಿನಲ್ಲೇ ಆಡಿಸಿ, ಅದನ್ನು ಬರೆದುಕೊಂಡು ಚಿತ್ರಕಥೆ ತಿದ್ದುವುದು ಮೇಲು.

ಧ್ವನಿಯನ್ನು ಆಮೇಲೆ ಸರಿಮಾಡಬಹುದು ಎಂಬುದಕ್ಕೆ ಚಿಕ್ಕ ಉತ್ತರ ಸಾಕು: ಆಗುವುದಿಲ್ಲ. ಇಟಲಿಯವರು ಸ್ಟುಡಿಯೊದಲ್ಲಿ ಡಬ್ ಮಾಡುತ್ತಿದ್ದರು, ಅದಕ್ಕೆ ಪಳಗಿದ ಕಂಠಗಳು ಅವರಲ್ಲಿದ್ದವು. ಹಳ್ಳಿಯ ಅಜ್ಜಿಯನ್ನು ಡಬ್ಬಿಂಗ್ ಕೋಣೆಗೆ ಕರೆತಂದು ತುಟಿಚಲನೆಗೆ ಹೊಂದಿಸಿ ಎಂದರೆ ಏನಾದೀತು? ಬಾಡಿಗೆ ಹಣ ಕಡಿಮೆಯಿದ್ದರೆ ಲೆನ್ಸ್‌ನಲ್ಲಿ ಉಳಿಸಿ, ಮೈಕಿಗೂ ಅದನ್ನು ಹಿಡಿಯಬಲ್ಲವರಿಗೂ ಕೊಡಿ. ಫ್ರಿಜ್, ಫ್ಯಾನ್ ಆರಿಸಿ, ಪ್ರತಿ ಜಾಗದಲ್ಲೂ ಯಾರೂ ಮಾತಾಡದೆ ಒಂದು ನಿಮಿಷದ ಬರಿಯ ಶಬ್ದ ದಾಖಲಿಸಿಕೊಳ್ಳಿ.

ಇನ್ನು ಖರ್ಚು. ವಿದ್ಯಾರ್ಥಿ ಚಿತ್ರವಲ್ಲವೇ, ಊರವರು ಪುಕ್ಕಟೆ ಬರುತ್ತಾರೆ ಎಂದುಕೊಂಡು ಬಜೆಟ್ ಬರೆಯುವವರಿದ್ದಾರೆ. ದಿನಗೂಲಿಯವರನ್ನು ಒಂದು ದಿನ ನಿಲ್ಲಿಸಿಕೊಂಡರೆ ಆ ದಿನದ ಕೂಲಿ ಹೋಯಿತು. ಅದನ್ನು ತುಂಬಿಕೊಡುವುದು, ಎಲ್ಲರಿಗೂ ಊಟ, ಮನೆಯವರಿಗೆ ಕರೆಂಟಿನ ಹಣ, ಇವು ಪಟ್ಟಿಯ ಮೊದಲ ಸಾಲುಗಳಾಗಬೇಕು. ಬಸ್ ನಿಲ್ದಾಣಕ್ಕೆ ಸಾರಿಗೆ ಸಂಸ್ಥೆಯ, ರೈಲು ನಿಲ್ದಾಣಕ್ಕೆ ರೈಲ್ವೆಯ, ಶಾಲೆಗೆ ಮುಖ್ಯೋಪಾಧ್ಯಾಯರ, ಮಕ್ಕಳಿದ್ದರೆ ತಂದೆತಾಯಿಯ ಒಪ್ಪಿಗೆ ಬರಹದಲ್ಲಿರಲಿ. ಒಪ್ಪಿಗೆ ಪತ್ರ ಕನ್ನಡದಲ್ಲಿರಲಿ, ಸಹಿ ಹಾಕುವ ಮೊದಲು ಓದಿ ಹೇಳಿ, ಚಿತ್ರ ಯೂಟ್ಯೂಬ್‌ಗೆ ಹೋಗಬಹುದು, ನೆಂಟರಿಷ್ಟರೂ ನೋಡಬಹುದು ಎಂದು ತಿಳಿಸಿ. ಬೇಡ ಎಂದವರನ್ನು ಬಿಟ್ಟು ದೃಶ್ಯವನ್ನು ಬೇರೆ ರೀತಿ ಬರೆಯಲು ಸಮಯವಿರಬೇಕು, ಆದ್ದರಿಂದ ಈ ಮಾತುಕತೆ ಶೂಟಿಂಗ್ ದಿನಕ್ಕಲ್ಲ, ರೆಕ್ಕಿಯ ಮೊದಲ ಭೇಟಿಗೇ ಸೇರಿದ್ದು.